ಬಲಗಡೆಯ ಪದ್ಧತಿ

ಕುದುರೆಯ ಹತ್ತಿರ ಎಡಗಡೆಯಿಂದ ಹೋಗಬೇಕು ಎನ್ನುವುದು ಲೋಕರೂಢಿ. ಆ ಲಾಯದಲ್ಲಿ ಮಾತ್ರ ಎಲ್ಲ ಬಲಗಡೆಯಿಂದ. ಜೀನು ಹೊರಿಸುವುದು, ಹತ್ತುವುದು, ಇಳಿಯುವುದು, ಗೊರಸು ಎತ್ತಿ ಕೆರೆಯುವುದು, ಯಾವುದಕ್ಕೂ ಎಡಗಡೆ ಸುಳಿಯುವಂತಿಲ್ಲ. ಸವಾರಿ ಕಲಿಸುವ ಮೇಷ್ಟ್ರು ಇದನ್ನು ‘ನಮ್ಮ ಪದ್ಧತಿ’ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು. ಯಾರಾದರೂ ಯಾಕೆ ಎಂದು ಕೇಳಿದರೆ, ಕುದುರೆಯ ಕಾಲಡಿಯಿಂದ ಒಂದು ಹುಲ್ಲುಕಡ್ಡಿ ಹೆಕ್ಕಿ ಹಲ್ಲು ಕೆದಕಿಕೊಳ್ಳುತ್ತ, “ಎಡಗಡೆಯಿಂದ ಎಲ್ಲರೂ ಕಲಿಸ್ತಾರೆ. ನಮ್ಮಲ್ಲಿ ಕಲಿತವರು ಎಲ್ಲಿ ಹೋದ್ರೂ ಎದ್ದು ಕಾಣ್ಬೇಕು” ಎಂದು ತಲೆ ಸವರಿ ಕಳಿಸುತ್ತಿದ್ದರು. ಕೇಳಿದವರು ಹೌದಲ್ಲ ಎಂದು ತಲೆದೂಗುತ್ತಿದ್ದರು. ಗೋಡೆಯ ಮೇಲೆ ಬರೆದದ್ದನ್ನೆಲ್ಲ ನಂಬುವ ಜನಕ್ಕೆ ಎಲ್ಲಿಯೂ ಬರವಿಲ್ಲ.

ಹಾಗೆ ನಂಬಿದವರಲ್ಲಿ ಮೇಷ್ಟ್ರ ನಾದಿನಿಯೂ ಒಬ್ಬಳು. ಅವಳು ಹೊಲಿಯುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಅಕ್ಕ ತನ್ನ ಮನೆಗೆ ಕರೆಸಿಕೊಂಡು, ಭಾವನ ಲಾಯದಲ್ಲಿ ಕೆಲಸ ಕೊಡಿಸಿದ್ದಳು. ಅಲ್ಲಿಯವರೆಗೆ ಅವಳು ಕುದುರೆ ಕಂಡದ್ದು ಚದುರಂಗದ ಮಣೆಯ ಮೇಲೆ ಮಾತ್ರ. ಎರಡು ವರ್ಷದಲ್ಲಿ ಲದ್ದಿ ಬಾಚುವುದು, ಮೈ ಉಜ್ಜುವುದು, ಹೊಟ್ಟೆನೋವು ಬಂದರೆ ಹಗ್ಗ ಹಿಡಿದು ನಡೆಸುವುದು, ಎಲ್ಲ ಕಲಿತಳು. ಹೊಸದಾಗಿ ಬಂದವರಿಗೆ ಬಲಗಡೆಯ ಪದ್ಧತಿಯನ್ನು ಅವಳೇ ಹೇಳಿಕೊಡುತ್ತಿದ್ದಳು.

ಇದ್ದ ಮೂರು ಕುದುರೆಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ ಯಾರೋ ಪುಣ್ಯಾತ್ಮರು ಗುಬ್ಬಿ ಎಂದು ಹೆಸರಿಟ್ಟಿದ್ದರು. ಹೋದ ವರ್ಷ, ಬಿದ್ದ ಬಕೆಟ್ಟು ತರಲು ಅವಳು ಸದ್ದಿಲ್ಲದೆ ಗುಬ್ಬಿಯ ಎಡಕ್ಕೆ ಹೋಗಿದ್ದೇ ತಡ, ಒಂದೇ ಒದೆತಕ್ಕೆ ಎರಡು ಪಕ್ಕೆಲುಬು ಮುರಿದವು. ಪದ್ಧತಿ ಮೀರಿದರೆ ಹೀಗೇ ಎಂದರು ಮೇಷ್ಟ್ರು. ಅಕ್ಕ ಮೂರು ವಾರ ಪಕ್ಕದಲ್ಲೇ ಕೂತು, ಎದ್ದು ಕೂರಲಾಗದ ತಂಗಿಗೆ ತುತ್ತು ಮಾಡಿ ತಿನ್ನಿಸಿದಳು. ಕೆಲಸಕ್ಕೆ ಮರಳಿದ ದಿನ ತಂಗಿ ಪೊರಕೆಯ ಹಿಡಿಯಿಂದ ಗುಬ್ಬಿಯ ಮುಖಕ್ಕೆ ಬಾರಿಸಿದ್ದಳು. ಉಂಡದ್ದಕ್ಕೆ ಉಪಕಾರವಿಲ್ಲದ ಪ್ರಾಣಿ ಎಂದು ಬೈದಿದ್ದಳು.

ಈಗ ಗುಬ್ಬಿಯನ್ನು ಕೊಳ್ಳಲು ಹಲ್ಲಿನ ಡಾಕ್ಟರೊಬ್ಬರು ಮಗಳನ್ನು ಕರೆದುಕೊಂಡು ಬರುವವರಿದ್ದರು. ಆ ಬೆಳಿಗ್ಗೆ ಅವಳು ಎಂದಿನಂತೆ ಎದುರಿಗೆ ನಿಂತು ಗುಬ್ಬಿಯ ಎಡಗಣ್ಣಿನ ಮೂಲೆಯ ಹಳದಿ ಪಿಸುರನ್ನು ಒದ್ದೆಬಟ್ಟೆಯಿಂದ ಒರೆಸಿ, ಬಟ್ಟೆ ಕೊಡವಿದಳು. ಬಟ್ಟೆಯ ಚುಂಗು ಕಣ್ಣಿನ ಮುಂದೆಯೇ ಹಾದು ಹೋಯಿತು. ರೆಪ್ಪೆ ಅಲುಗಲಿಲ್ಲ. ಬೆರಳನ್ನು ಕಣ್ಣಿನತ್ತ ತಂದಳು. ಆಗಲೂ ಇಲ್ಲ. ಬಲಗಣ್ಣಿನತ್ತ ತಂದಾಗ ಬೆರಳು ಗೇಣು ದೂರ ಇರುವಾಗಲೇ ರೆಪ್ಪೆ ಪಟಕ್ಕನೆ ಮುಚ್ಚಿತು. ಎಡಗಣ್ಣು ನೋಡಲು ಫಳಫಳ, ಆದರೆ ಶುದ್ಧ ಕುರುಡು.

ಅಷ್ಟರಲ್ಲಿ ಮೇಷ್ಟ್ರು ಕಪ್ಪು ಬಣ್ಣದ ಡಬ್ಬಿ ಹಿಡಿದು ಬಂದರು. ಪಿಸುರು ಹರಿದು ಕಣ್ಣಿನ ಕೆಳಗೆ ಕೂದಲು ಉದುರಿದ ಜಾಗಕ್ಕೆ ಬೆರಳಿನಿಂದ ಬಣ್ಣ ಮೆತ್ತತೊಡಗಿದರು.

“ಭಾವ, ಇದಕ್ಕೆ ಈ ಕಣ್ಣು ಕಾಣಲ್ಲ.”

“ಕೊಂಡಾಗಿಂದ ಕಾಣಲ್ಲ. ಮಾರಿದವನು ನನಗೆ ಟೋಪಿ ಹಾಕಿದ, ಪುಣ್ಯಾತ್ಮ.” ಉಳಿದ ಪಿಸುರನ್ನು ತಮ್ಮ ಕರವಸ್ತ್ರದಿಂದ ಒರೆಸಿ, ಅದರಲ್ಲೇ ಹಣೆಯ ಬೆವರನ್ನೂ ಒರೆಸಿಕೊಂಡರು. “ಅದಕ್ಕೇ ತಾನೇ ಪದ್ಧತಿ ಮಾಡಿದ್ದು. ಗುಬ್ಬಿಗೆ ಮಾತ್ರ ಬಲಗಡೆ ಅಂದ್ರೆ ಜನ ಅನುಮಾನ ಪಡ್ತಾರೆ. ಮೂರಕ್ಕೂ ಅಂದೆ. ಐದು ವರ್ಷದಲ್ಲಿ ಒಬ್ಬನಿಗೂ ಗೊತ್ತಾಗಿಲ್ಲ ನೋಡು.”

ಹೊಗಳಿಕೆಗೆ ಕಾಯುವವರಂತೆ ನಿಂತೇ ಇದ್ದರು. ಒಂದು ಕಣ್ಣಿನ ಕುರುಡು ಮುಚ್ಚಲು ಇಡೀ ಲಾಯವನ್ನೇ ಎಡವಟ್ಟು ಮಾಡಿದ ಮನುಷ್ಯ, ಅದನ್ನು ಗೋಡೆಗೂ ಬರೆಸಿದ್ದಾನೆ. ಅದನ್ನು ಇವಳು ಊರ ಮಕ್ಕಳಿಗೆಲ್ಲ ಪಾಠ ಹೇಳಿದ್ದಾಳೆ. ಕಾಣದ ಕಡೆಯಿಂದ ಏನೋ ಬಂತೆಂದು ಬೆಚ್ಚಿ ಒದ್ದ ಪ್ರಾಣಿಗೆ ಪೊರಕೆಯಿಂದ ಬಾರಿಸಿದ್ದಾಳೆ. ತನ್ನ ಕೈಯನ್ನೇ ಎಲ್ಲಾದರೂ ಬಿಸಾಡಿ ಬರೋಣ ಎನ್ನಿಸಿತು ಅವಳಿಗೆ.

“ಅವರಿಗೆ ಹೇಳ್ತೀರಲ್ಲ?”

“ನಿನಗೆ ತಲೆ ಕೆಟ್ಟಿದೆಯಾ? ಬಾಯಿ ಮುಚ್ಕೊಂಡು ಹಗ್ಗ ಹಿಡಿ, ಸಾಕು.”

ಡಾಕ್ಟರು ಬಂದರು. ಅಂಗಿಯ ತೋಳು ಮಡಿಚಿ, ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ಗುಬ್ಬಿಯ ತುಟಿ ಎತ್ತಿ ಒಳಗೆಲ್ಲ ಬೆಳಕು ಬಿಟ್ಟರು. “ಮೇಲಿನ ಸಾಲು ತುಂಬಾ ಚೆನ್ನಾಗಿದೆ. ಕೆಳಗಿಂದು ಸ್ವಲ್ಪ ಸವೆದಿದೆ, ಪರವಾಗಿಲ್ಲ,” ಎಂದರು, ತಮ್ಮ ಕುರ್ಚಿಯಲ್ಲಿ ಕೂತ ರೋಗಿಗೆ ಹೇಳುವಂತೆ. ತಮಗೆ ಗೊತ್ತಿದ್ದ ಒಂದು ಅಂಗ ನೋಡಿದ್ದಕ್ಕೇ ಇಡೀ ಕುದುರೆ ನೋಡಿದ ತೃಪ್ತಿ ಅವರಿಗೆ. ಮೇಷ್ಟ್ರು ಪಕ್ಕದಲ್ಲಿ ನಿಂತು ಅವರ ವಿದ್ಯೆಯನ್ನು ಹೊಗಳಿದ್ದೇ ಹೊಗಳಿದ್ದು.

ಮಗಳಿಗೆ ಹನ್ನೊಂದು ವರ್ಷ. ಬೇರೆ ಕಡೆ ಸವಾರಿ ಕಲಿತವಳು, ಅಭ್ಯಾಸಬಲದಿಂದ ನೇರ ಎಡಗಡೆಗೆ ನಡೆದಳು. ಮೇಷ್ಟ್ರು ಧಾವಿಸಿ ತೋಳು ಹಿಡಿದು ಬಲಕ್ಕೆ ತಂದರು.

“ಇಲ್ಲಿಂದ ಬಾ ಮಗೂ. ನಮ್ಮ ಪದ್ಧತಿ.”

“ನನಗೆ ಆ ಕಡೆಯಿಂದಾನೇ ಅಭ್ಯಾಸ, ಅಂಕಲ್. ಇದನ್ನ ಮನೆಗೆ ಕರ್ಕೊಂಡು ಹೋದ್ಮೇಲೂ ನಾನು ಹಾಗೇ ಹೋಗ್ತೀನಿ.”

“ಮನೆಗೆ ಹೋದ್ಮೇಲೆ ನಿನ್ನಿಷ್ಟ, ತಾಯಿ. ಹೇಗೆ ಬೇಕಾದ್ರೂ ಹೋಗು,” ಎಂದು ಮೇಷ್ಟ್ರು ಆ ಹುಡುಗಿಯ ಕೆನ್ನೆ ಸವರಿದರು. ಗುಬ್ಬಿಯ ಕಣ್ಣಿನಡಿ ಮೆತ್ತಿದ ಕಪ್ಪು ಬಣ್ಣ ಇನ್ನೂ ಅವರ ಉಗುರಿನಲ್ಲಿತ್ತು.

ಆ ಉಗುರನ್ನು ನೋಡಿದ ಮೇಲೆ ನಾದಿನಿಗೆ ಸುಮ್ಮನಿರಲಾಗಲಿಲ್ಲ. ಹುಡುಗಿಯ ತಲೆ ಅವಳ ಮುರಿದಿದ್ದ ಪಕ್ಕೆಲುಬಿನ ಎತ್ತರಕ್ಕೆ ಸರಿಯಾಗಿತ್ತು.

“ಡಾಕ್ಟ್ರೇ, ಬಾಯಿ ನೋಡಿದ್ದಾಯ್ತಲ್ಲ. ಕಣ್ಣೂ ನೋಡಿ,” ಎಂದಳು. ಹಗ್ಗ ಹಿಡಿದುಕೊಂಡೇ, “ಗುಬ್ಬಿ, ನಾನು ಬರ್ತಿದ್ದೀನಿ ಕಣೋ,” ಎಂದು ಮಾತಾಡಿಸುತ್ತ ಎಡಕ್ಕೆ ಬಂದು ಕುತ್ತಿಗೆಯ ಮೇಲೆ ಕೈಯಿಟ್ಟಳು. ಇನ್ನೊಂದು ಕೈಯ ಬೆರಳನ್ನು ಕಣ್ಣಿನವರೆಗೂ ತಂದು ನಿಲ್ಲಿಸಿದಳು.

ಮೇಷ್ಟ್ರು ನಕ್ಕರು. “ನಮ್ಮ ನಾದಿನಿ. ಸ್ವಲ್ಪ ಹೀಗೇನೇ.”

ಡಾಕ್ಟರು ನಗಲಿಲ್ಲ. ಟಾರ್ಚನ್ನು ಆ ಕಣ್ಣಿಗೆ ಹಿಡಿದರು, ಆಮೇಲೆ ಈ ಕಣ್ಣಿಗೆ. ಕೆಳಗಿನ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿ ನೋಡಿಕೊಂಡರು.

“ಮಾತಾಡ್ತಾ ಹೋದ್ರೆ ಒದೆಯಲ್ವಾ ಆಂಟಿ?” ಎಂದಳು ಹುಡುಗಿ.

“ಇಲ್ಲಮ್ಮ. ನೀನು ಬರ್ತಿರೋದು ಅದಕ್ಕೆ ಗೊತ್ತಾಗ್ಬೇಕು, ಅಷ್ಟೇ. ಕೆಟ್ಟ ಕುದುರೆ ಅಲ್ಲ.”

ಡಾಕ್ಟರು ಮಗಳ ಕೈ ಹಿಡಿದುಕೊಂಡರು. “ಬಾಯಿ ಬಿಟ್ಟು ಹೇಳಬಹುದಿತ್ತು ಮೇಷ್ಟ್ರೇ,” ಎಂದಷ್ಟೇ ಹೇಳಿ ಹೊರಟುಹೋದರು.

ಮೇಷ್ಟ್ರ ಬಾಯಿಂದ ಬಂದದ್ದನ್ನು ಬರೆಯುವಂತಿಲ್ಲ. ಉಂಡ ಮನೆಗೆ ಎರಡು ಬಗೆದವಳು ನಾಳೆಯಿಂದ ಈ ಕಡೆ ತಲೆ ಹಾಕಬಾರದು ಎಂಬುದು ಅದರ ತಾತ್ಪರ್ಯ. ಅವಳು ಕೈ ತೊಳೆದುಕೊಂಡು ನೇರ ಅಡುಗೆಮನೆಗೆ ಹೋದಳು. ಭಾವ ಹೇಗಾದರೂ ಇರಲಿ, ಅಕ್ಕ ಇದ್ದಾಳೆ. ಅವಳಿಗೆ ಎಲ್ಲ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾಳೆ ಎಂದುಕೊಂಡಳು.

“ಅಕ್ಕ, ಗುಬ್ಬಿಗೆ ಎಡಗಣ್ಣು ಕಾಣಲ್ಲ.”

ಲಾಯದ ಕೂಗಾಟ ಅಲ್ಲಿಗೂ ಕೇಳಿಸಿತ್ತು. ಅಕ್ಕ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಅಷ್ಟಕ್ಕೆ ಬಂದವರ ಮುಂದೆ ರಂಪ ಮಾಡ್ಬೇಕಿತ್ತಾ?”

“ನಿನಗೆ ಗೊತ್ತಿತ್ತಾ?”

“ಮನೆ ಯಜಮಾನಿ ನಾನು. ಗೊತ್ತಿರಲ್ವಾ?”

“ನನ್ನ ಪಕ್ಕೆ ಮುರಿಯೋಕೆ ಮುಂಚೇನೂ?”

“ಮುಂಚೇನೂ.”

“ಮತ್ತೆ ನನಗೊಂದು ಮಾತು ಯಾಕೆ ಹೇಳ್ಲಿಲ್ಲ?”

ಅಕ್ಕ ಈಗ ತಿರುಗಿ ನೋಡಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ದಡ್ಡ ತಂಗಿಗೆ ಲೆಕ್ಕ ಹೇಳಿಕೊಡುವ ತಾಳ್ಮೆ ಮಾತ್ರ ಇತ್ತು.

“ಹೇಳಿದ್ರೆ ನೀನು ಅದರ ಹತ್ರ ಹೋಗ್ತಿದ್ಯಾ? ನಾನು ಒಂದು ದಿನಾನಾದ್ರೂ ಹೋಗಿದ್ದೀನಾ?”

ತಂಗಿ ಹಿತ್ತಲಿಗೆ ಓಡಿ, ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಹಿಂದೆಯೇ ಅಕ್ಕ ಓಡಿಬಂದಳು. ಪಕ್ಕೆ ಮುರಿದು ಮಲಗಿದ್ದಾಗ ಇದ್ದಷ್ಟೇ ಪ್ರೀತಿಯಿಂದ ಅವಳ ಬೆನ್ನು ನೀವತೊಡಗಿದಳು.