ಪಾಪಕ್ಕನ ಕಡೆಯ ವಕೀಲೆ

ಒಳ್ಳೆಯ ವಕೀಲರನ್ನು ಹುಡುಕುವುದು ಮಗಳಿಗೆ ಗಂಡು ಹುಡುಕಿದಷ್ಟೇ ಫಜೀತಿ ಎಂದು ತೂಬಗೆರೆಯ ಗೋಪಾಲಪ್ಪನಿಗೆ ಗೊತ್ತಾದದ್ದು ಅರವತ್ತರ ಹತ್ತಿರ ಬಂದಾಗ. ರಸ್ತೆ ಪಕ್ಕದ ಹಲಸಿನ ತೋಪಿನಲ್ಲಿ ಚಿಪ್ಸು, ಹಪ್ಪಳ ಮಾಡುವ ಘಟಕ ಹಾಕಬೇಕೆಂಬುದು ಅವನ ಆಸೆ. ತೋಪು ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇತ್ತು. ಅದರಲ್ಲಿ ಅಕ್ಕ ಪಾಪಕ್ಕನಿಗೂ ಪಾಲಿತ್ತು. ಗಂಡ ಸತ್ತ ಮೇಲೆ ಅವಳು ತಮ್ಮನ ಮನೆಯಲ್ಲೇ ಇದ್ದಳು.

ದೊಡ್ಡಬಳ್ಳಾಪುರದಲ್ಲಿ ಮೊದಲು ನೋಡಿದ ಹಿರಿಯ ವಕೀಲರು ನಕ್ಕುಬಿಟ್ಟಿದ್ದರು. "ಅಕ್ಕ ತಾನೇ? ತವರಿನ ಉಡುಗೊರೆ ಅಂತ ಒಂದು ಸೀರೆ ಕೊಟ್ಟು, ಪಾಲು ಬೇಡ ಅಂತ ಬರೆಸ್ಕೊಳಿ. ಎಲ್ಲರೂ ಮಾಡೋದು ಅದೇ."

ಊರಿನ ವಾಡಿಕೆಯೂ ಅದೇ. ಗೋಪಾಲಪ್ಪ ಹಸಿರು ರೇಷ್ಮೆ ಸೀರೆ ತಂದ. ಪಾಪಕ್ಕನೂ ತಕರಾರಿಲ್ಲದೆ, "ಎಲ್ಲಿ ಹೆಬ್ಬೆಟ್ಟು ಒತ್ಲಿ ಹೇಳಪ್ಪಾ" ಎಂದಳು. ಆ ಮಾತೇ ಅವನ ನಿದ್ದೆ ಕೆಡಿಸಿತು. ಅವ್ವ ಇಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಇನ್ನೊಬ್ಬರನ್ನೂ ಕೇಳಿಬಿಡೋಣ ಎಂದು ಅವಳನ್ನು ಕರೆದುಕೊಂಡು, ನವ್ಯಶ್ರೀ ಎಂಬ ಚಿಕ್ಕ ವಯಸ್ಸಿನ ವಕೀಲೆಯ ಆಫೀಸಿಗೆ ಹೋದ. ಸೀರೆಯ ಚೀಲವೂ ಜೊತೆಗಿತ್ತು.

ನವ್ಯಶ್ರೀ ಅವನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಆಮೇಲೆ ಪಾಪಕ್ಕನತ್ತ ತಿರುಗಿ, "ಅಮ್ಮಾ, ಆ ತೋಪಲ್ಲಿ ನಿಮಗೇನು ಆಸೆ?" ಎಂದಳು.

ಹುಟ್ಟಿದಾಗಿನಿಂದ ಯಾರೂ ಕೇಳದ ಪ್ರಶ್ನೆ. ಪಾಪಕ್ಕ ತಮ್ಮನ ಮುಖ ನೋಡಿ, ಸೆರಗು ಸರಿಮಾಡಿಕೊಂಡಳು. "ನಂಗ್ಯಾಕವ್ವ ಆಸೆ... ಬಾವಿ ಪಕ್ಕದ ಮರ ನಮ್ಮಪ್ಪ ನನ್ ಕೈಲೇ ನೆಡ್ಸಿದ್ದು. ಅದರ ಕೆಳಗೆ ನಂದು ಅಂತ ಒಂದು ಸಣ್ ಮನೆ ಇದ್ದಿದ್ರೆ ಅನ್ಸ್ತಿತ್ತು. ಬಿಡು, ಈ ವಯಸ್ಸಲ್ಲಿ ಯಾಕೆ."

ಘಟಕಕ್ಕೆ ಜಾಗ ಮಾಡಲು ಮೊದಲು ಕಡಿಯಬೇಕೆಂದು ಗೋಪಾಲಪ್ಪ ಗುರುತು ಹಾಕಿಸಿದ್ದು ಅದೇ ಮರಕ್ಕೆ.

"ನೀವೇ ನಮ್ಮ ಲಾಯರು, ಮೇಡಂ" ಎಂದ.

"ಯಾರಿಗೆ ಸಾರ್? ಪಾಲಿನ ವಿಷಯದಲ್ಲಿ ಇಬ್ಬರಿಗೂ ನಾನೊಬ್ಬಳೇ ಆಗೋಕಾಗಲ್ಲ. ನಿಮ್ಮ ಕಡೆ ನಿಂತ್ರೆ ನಿಮ್ಮ ಅನುಕೂಲಾನೇ ನೋಡ್ಬೇಕಾಗುತ್ತೆ."

ಅಂತೂ ಸಿಕ್ಕ ಒಳ್ಳೆಯ ವಕೀಲೆ ಕೈತಪ್ಪುತ್ತಿದ್ದಳು! ಗೋಪಾಲಪ್ಪ ಅಕ್ಕನ ಕಡೆ ನೋಡಿದ. ಆಮೇಲೆ, "ಹಂಗಾದ್ರೆ ನಮ್ಮಕ್ಕನ ಕಡೆ ನಿಂತ್ಕೊಳಿ. ನಂಗೆ ಇನ್ನೊಬ್ಬರನ್ನ ಹುಡುಕ್ಕೋತೀನಿ" ಎಂದ.

ಹೊರಗೆ ಬಂದು ಸೀರೆಯ ಚೀಲವನ್ನು ಅಕ್ಕನ ಕೈಗಿತ್ತ. ಪಾಪಕ್ಕ ಗಾಬರಿಯಾದಳು. "ಹೆಬ್ಬೆಟ್ಟೇ ಒತ್ತಿಲ್ವಲ್ಲೋ, ಸೀರೆ ಯಾಕೆ?"

"ನಿನ್ ಮನೆ ಗೃಹಪ್ರವೇಶಕ್ಕೆ ಉಟ್ಕೊಳಕ್ಕ."