ಅಪ್ಪ ಕೂರಿಸಿದ ಟ್ಯಾಂಕು

ಚಳಿಗೆ ಮನೆ ಕಾಯಿಸುವ ಸೀಮೆಎಣ್ಣೆಯ ಟ್ಯಾಂಕು ಕೊಲ್ಮನ್‌ನ ಹಿತ್ತಿಲಲ್ಲಿ, ಬಾವಿಗಿಂತ ಹತ್ತು ಹೆಜ್ಜೆ ಮೇಲಕ್ಕೆ, ಎರಡು ಗಿಡ್ಡ ಕಂಬಗಳ ಮೇಲೆ ಕೂತಿತ್ತು. ಅವನ ಅಪ್ಪ ಕೂರಿಸಿದ್ದು, ಮೂವತ್ತೆರಡು ವರ್ಷದ ಕಬ್ಬಿಣ. ಪ್ರತಿ ಸೆಪ್ಟೆಂಬರಿನಲ್ಲಿ ಆ ಎಣ್ಣೆ ಉರಿಸುವ ಬಾಯ್ಲರು ನೋಡಲು ಮೆಕ್ಯಾನಿಕ್ ಫಿಂಟನ್ ಬರುತ್ತಿದ್ದ. ಅವನು ಬರುವ ದಿನ ಕೊಲ್ಮನ್‌ನ ಹೆಂಡತಿ ಅಟ್ರಾಕ್ಟಾ ಒಣದ್ರಾಕ್ಷಿ ಹಾಕಿ ಬ್ರೆಡ್ಡು ಬೇಯಿಸುತ್ತಿದ್ದಳು. ಮದುವೆಗೆ ಮುಂಚೆ ಒಂದಿಡೀ ಬೇಸಿಗೆ ಅವಳು ಫಿಂಟನ್ ಜೊತೆ ಕುಣಿತಕ್ಕೆ ಹೋಗುತ್ತಿದ್ದದ್ದು ರೋಸ್ಕಾಮನ್ ಜಿಲ್ಲೆಯ ಈ ಬದಿಗೆಲ್ಲ ಗೊತ್ತಿತ್ತು. ಅವನಿನ್ನೂ ಮದುವೆಯಾಗಿರಲಿಲ್ಲ. ಅವನು ಎಷ್ಟು ಹೋಳು ತಿಂದನೆಂದು ಕೊಲ್ಮನ್ ಅಂಗಳದಲ್ಲಿ ನಿಂತೇ ಕಿಟಕಿಯಿಂದ ಎಣಿಸುತ್ತಿದ್ದ.

ಈ ಸಲ ಫಿಂಟನ್ ಟ್ಯಾಂಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬೆರಳಗೆಣ್ಣಿನಿಂದ ಮೇಲಿನಿಂದ ಕೆಳಕ್ಕೆ ಬಡಿಯುತ್ತ ಬಂದ. ಮೇಲೆ ಟಣ್ಣೆಂದ ಕಬ್ಬಿಣ ತಳದ ಹತ್ತಿರ ಮೂಕವಾಯಿತು. ಬೆಸುಗೆಯ ಉದ್ದಕ್ಕೂ ಬೆರಳೆಳೆದು ಮೂಸಿದ.

"ಇದರ ಕಾಲ ಮುಗೀತು, ಕೊಲ್ಮನ್. ಬೆಸುಗೆ ಬೆವರ್ತಿದೆ ನೋಡು. ತಳದಲ್ಲಿ ತುಕ್ಕು ಹಪ್ಪಳದ ಹಾಗೆ ಎದ್ದಿದೆ. ಚಳಿಗೆ ಮುಂಚೆ ಹೊಸದು ಹಾಕಿಸು."

"ನೋಡೋಕೆ ಗಟ್ಟಿಯಾಗೇ ಇದೆಯಲ್ಲ?"

"ತುಕ್ಕು ತಿನ್ನೋದು ಒಳಗಿಂದ, ಮಾರಾಯ. ತಳದಲ್ಲಿ ನೀರು ನಿಂತಿರುತ್ತೆ. ಕೆಳಗೆ ನಿಮ್ಮ ಬಾವಿ ಬೇರೆ."

ಬಾಗಿಲಲ್ಲಿ ನಿಂತಿದ್ದ ಅಟ್ರಾಕ್ಟಾ, "ಅವನು ಹೇಳಿದ ಹಾಗೆ ಮಾಡಬಾರದಾ?" ಅಂದಳು.

ಆ ಒಂದು ಮಾತು ಇರದಿದ್ದರೆ ಕೊಲ್ಮನ್ ಅಂದೇ ಹೊಸ ಟ್ಯಾಂಕಿಗೆ ಹೇಳಿಬಿಡುತ್ತಿದ್ದನೋ ಏನೋ.

ನಮ್ಮ ಊರಿನ ಏಳು ಮನೆಗಳಲ್ಲಿ ವರ್ಷಕ್ಕೊಂದು ಮನೆಗೆ ಪಾದ್ರಿ ಬಂದು, ನೆರೆಯವರನ್ನೆಲ್ಲ ಸೇರಿಸಿ ಪೂಜೆ ಮಾಡುವುದು ರೂಢಿ. ಸರದಿ ಬಂದ ಮನೆಯಲ್ಲಿ ಗೋಡೆ, ಗೇಟು, ಕೋಳಿಗೂಡು, ಯಾವುದೂ ಬಣ್ಣ ಕಾಣದೆ ಉಳಿಯುವುದಿಲ್ಲ. ಅಕ್ಟೋಬರಿನಲ್ಲಿ ಸರದಿ ಕೊಲ್ಮನ್‌ನದು. ಅವನು ತಂತಿಯ ಬ್ರಶ್ಶಿನಿಂದ ಟ್ಯಾಂಕಿನ ಹಪ್ಪಳವನ್ನೆಲ್ಲ ಕೆರೆದು, ಎರಡು ಸಲ ಹಸಿರು ಬಣ್ಣ ಬಳಿದು, ಅತಿಥಿಗಳಿಗೆ ಮನೆ ಬೆಚ್ಚಗಿರಲೆಂದು ಕಂಠಮಟ್ಟ ಎಣ್ಣೆ ತುಂಬಿಸಿದ.

"ಅವನು ಟ್ಯಾಂಕು ಬದಲಿಸು ಅಂದ. ಬಣ್ಣ ಬದಲಿಸು ಅನ್ನಲಿಲ್ಲ," ಅಂದಳು ಅಟ್ರಾಕ್ಟಾ.

"ಅವನು, ಅವನು! ಹಾಗಾದ್ರೆ ಅವನನ್ನೇ ಕರೆಸಿ ಮನೆ ನಡೆಸಿಕೋ."

ಅಟ್ರಾಕ್ಟಾ ಎರಡು ದಿನ ಗಂಡನಿಗೆ ಹೇಳಬೇಕಾದ್ದನ್ನೆಲ್ಲ ನಾಯಿಗೆ ಹೇಳಿದಳು.

ಪೂಜೆಯ ಬೆಳಿಗ್ಗೆ ಮನೆಯೆಲ್ಲ ಹಸಿ ಬಣ್ಣದ ವಾಸನೆ. ಬೇರೆ ಯಾವ ವಾಸನೆಯೂ ಯಾರ ಮೂಗಿಗೂ ಬರುವಂತಿರಲಿಲ್ಲ. ಪೂಜೆ ಮುಗಿದು ಟೀ ಬಂತು. ಪಾದ್ರಿ ಬಟ್ಟಲು ಹಿಡಿದು ಕುರಿಗಳ ಮಾತಿನಲ್ಲಿದ್ದರು. ಬೆಳಗಿನಿಂದ ಕೊಲ್ಮನ್‌ನ ಕಣ್ಣು ಪೂಜೆಗೆ ಬಂದಿದ್ದ ಫಿಂಟನ್ ಮೇಲೇ ಇತ್ತು. ಹಾಗಾಗಿ ಅವನಿಗೊಬ್ಬನಿಗೇ ಕಂಡಿತು: ಫಿಂಟನ್ ಒಂದು ಗುಟುಕು ಬಾಯಿಗೆ ಹಾಕಿಕೊಂಡು ನಿಂತುಬಿಟ್ಟ. ಅಟ್ರಾಕ್ಟಾಳ ಕಡೆ ಒಮ್ಮೆ ನೋಡಿದ. ನುಂಗಿದ.

ಕೊಲ್ಮನ್ ತನ್ನ ಬಟ್ಟಲಿಗೆ ತುಟಿ ಹಚ್ಚಿದ. ಸೀಮೆಎಣ್ಣೆ.

ಇಷ್ಟು ಜನರ ಮುಂದೆ ಅವಳ ಮುಖ ಬಾಡದಿರಲೆಂದು ಇವನು ಸೀಮೆಎಣ್ಣೆಯನ್ನೂ ನುಂಗುತ್ತಾನೆ! ಕೊಲ್ಮನ್ ತನ್ನ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದ. ಪಾದ್ರಿ ಬಟ್ಟಲೆತ್ತುತ್ತಿದ್ದರು.

"ಫಾದರ್, ಕುಡೀಬೇಡಿ! ಯಾರೂ ಕುಡೀಬೇಡಿ. ನನ್ನ ಟ್ಯಾಂಕು ಸೋರಿ ಎಣ್ಣೆ ಬಾವಿ ಸೇರಿದೆ."

ಪಕ್ಕದ ಮನೆಯ ಮುದುಕ ಬಾರ್ಟ್ಲಿ ಬಟ್ಟಲು ಕೆಳಗಿಟ್ಟ. "ಟ್ಯಾಂಕಿನ ಬಣ್ಣ ಎಷ್ಟು ಚೆನ್ನಾಗಿದೆ ಅಂತ ಈಗ ತಾನೇ ಹೊಗಳಿದೆನಲ್ಲೋ ನಿನ್ನ!"

ಹಿತ್ತಿಲಲ್ಲಿ ಟ್ಯಾಂಕಿನ ತಳದ ಬಣ್ಣ ಬೊಬ್ಬೆಯೆದ್ದು ಒಡೆದಿತ್ತು. ಕೆರೆದ ಜಾಗದಲ್ಲಿ ಬಟಾಣಿಯಷ್ಟು ತೂತು. ಫಿಂಟನ್ ಮಂಡಿಯೂರಿ, "ಬಟ್ಟೆ ಸೋಪು ತನ್ನಿ, ಬೇಗ," ಅಂದ. ಅಟ್ರಾಕ್ಟಾ ಓಡಿಹೋಗಿ ತಂದು ಅವನ ಕೈಗೆ ಕೊಡಹೋದಳು.

"ಇಲ್ಲಿ ಕೊಡು," ಎಂದು ಕೊಲ್ಮನ್ ಕಸಿದುಕೊಂಡ. "ಟ್ಯಾಂಕು ನನ್ನದು."

ಒಳ್ಳೆಯ ಸೂಟಿನಲ್ಲೇ ಕೆಸರಿಗೆ ಕೂತು ಸೋಪನ್ನು ತೂತಿಗೆ ತುರುಕಿ ಹೆಬ್ಬೆರಳಿಂದ ಒತ್ತಿ ಹಿಡಿದ. ಸೋರಿಕೆ ನಿಂತಿತು.

"ಭೇಷ್. ಕೈ ಮಾತ್ರ ತೆಗೀಬೇಡ. ಬಣ್ಣದ ಮೇಲೆ ಸೋಪು ತಾನಾಗಿ ಕಚ್ಚಲ್ಲ," ಅಂದ ಫಿಂಟನ್.

"ಎಷ್ಟು ಹೊತ್ತು?"

"ನಾನು ಮನೆಗೆ ಹೋಗಿ ಎಣ್ಣೆ ಖಾಲಿ ಮಾಡೋಕೆ ಪಂಪು, ಡ್ರಮ್ಮು ತರೋ ತನಕ."

"ಹಾಗಾದ್ರೆ ನಾನೂ ಬರ್ತೀನಿ, ನಿನ್ನ ಮನೆಯಿಂದ ನಾಲ್ಕು ಕ್ಯಾನು ನೀರು ತರಬೇಕು. ಜನ ಟೀ ಇಲ್ಲದೆ ಕೂತಿದ್ದಾರೆ," ಅಂದಳು ಅಟ್ರಾಕ್ಟಾ. ಆಮೇಲೆ ಗಂಡನ ಕಡೆ ತಿರುಗಿ, ಎರಡು ದಿನದ ಮೇಲೆ ನೇರವಾಗಿ ಅವನಿಗೇ ಕೇಳಿದಳು. "ಹೋಗಿ ಬರಲಾ?"

ಹೆಬ್ಬೆರಳಿನ ಕೆಳಗೆ ಎಣ್ಣೆ ತಣ್ಣಗೆ ಒತ್ತುತ್ತಿತ್ತು.

"ಹೋಗು," ಅಂದ ಕೊಲ್ಮನ್.

ಫಿಂಟನ್‌ನ ವ್ಯಾನು ಗೇಟು ದಾಟಿತು. ಮುಂದಿನ ಸೀಟಿನಲ್ಲಿ ಅವಳು ಏನೋ ಹೇಳಿದಳು, ಅವನು ತಲೆಯಾಡಿಸಿದ. ತಿರುವಿನ ತನಕ ಕೊಲ್ಮನ್ ಕತ್ತು ಹೊರಳಿಸಿ ನೋಡಿದ. ಇನ್ನಷ್ಟು ನೋಡಬೇಕೆಂದರೆ ಹೆಬ್ಬೆರಳು ತೆಗೆದು ಏಳಬೇಕಿತ್ತು.