ಇಬ್ಬರಿಗೆ ಒಂದೇ ಬೀಗ

ಲಿಫ್ಟ್ ದುರಸ್ತಿಯವರ ಧರ್ಮಶಾಸ್ತ್ರ ಬಹಳ ಚಿಕ್ಕದು. ಕೆಲಸಕ್ಕೆ ಇಳಿಯುವ ಮುನ್ನ ಮೇನ್ ಸ್ವಿಚ್ಚನ್ನು ಆರಿಸಿ, ಪ್ರತಿಯೊಬ್ಬನೂ ಅದಕ್ಕೆ ತನ್ನ ಬೀಗ ಜಡಿಯಬೇಕು. ಕೀಲಿ ತನ್ನ ಕೊರಳಲ್ಲೇ ಇರಬೇಕು; ಎಲ್ಲರ ಬೀಗವೂ ತೆರೆಯದೆ ಸ್ವಿಚ್ ಮತ್ತೆ ಹಾಕಲಾಗದು. ಹದಿನಾಲ್ಕು ವರ್ಷ ನಾನೂ ಭಾವನೂ ಇದನ್ನು ಮೀರಿರಲಿಲ್ಲ.

ಕಸುಬಿನವರು ಭಾವನಿಗೆ ಇಟ್ಟ ಹೆಸರು ರೇಡಿಯೋ. ಲಿಫ್ಟಿನ ತಳದ ಗುಂಡಿಯಲ್ಲಿ ಕೂತು ಗ್ರೀಸ್ ಮೆತ್ತುತ್ತ ಅವರು ಬಾಯಿಗೆ ಬಂದದ್ದನ್ನೆಲ್ಲ ಹರಟುತ್ತಿದ್ದರು. ಏಳು ಮಹಡಿ ಮೇಲೆ, ಮೋಟಾರ್ ಕೋಣೆಯಲ್ಲಿದ್ದ ನನಗೆ ಉಕ್ಕಿನ ಹಗ್ಗಗಳು ಇಳಿಯುವ ರಂಧ್ರಗಳಿಂದ ಆ ಮಾತು ಕೇಳಿಸುತ್ತಿತ್ತು. ಮಾತು ಕೇಳುತ್ತಿದ್ದರೆ ಭಾವ ಕ್ಷೇಮ.

ಅಕ್ಕ ತೀರಿಕೊಂಡ ಮೇಲೂ ಅವರ ಮಾತು ನಿಲ್ಲಲಿಲ್ಲ. ನಿಂತದ್ದು ನನ್ನೊಳಗಿನದೇನೋ. ಅಕ್ಕ ಹೋದ ಆರನೆಯ ವಾರ ನನ್ನ ಹೆಂಡತಿಗೆ ಐದು ತಿಂಗಳ ಬಸಿರು ಇಳಿದುಹೋಯಿತು. ಆಸ್ಪತ್ರೆಯಿಂದ ಹಿಂದಿರುಗಿದರೆ ಮನೆ ಖಾಲಿ ಮಾಡಿರೆಂಬ ಚೀಟಿ ಬಾಗಿಲ ಸಂದಿಯಲ್ಲಿತ್ತು. ನಾನು ಅಳಲಿಲ್ಲ. ಬದಲಿಗೆ, ಆಗಾಗ ಇಲ್ಲವಾಗತೊಡಗಿದೆ. ಸ್ಪ್ಯಾನರ್ ತಿರುಗಿಸುವ ಕೈ ಬೇರೆ ಯಾರದೋ ಎನಿಸುತ್ತಿತ್ತು. ದಪ್ಪ ಗಾಜಿನಾಚೆಯಿಂದ ಅದನ್ನು ನೋಡುತ್ತ ನಿಂತಿರುತ್ತಿದ್ದೆ; ಗಾಜು ಬಡಿಯೋಣವೆಂದರೆ ಕೈ ಆ ಕಡೆ ಉಳಿದಿರುತ್ತಿತ್ತು. ಕೆಲವೊಮ್ಮೆ ನೋಟವೂ ಇರದು: ಬಸ್ಸು ಹತ್ತಿದ್ದು ನೆನಪಿದೆ, ಮತ್ತೆ ಎಚ್ಚರವಾಗುವಾಗ ಊಟದ ಡಬ್ಬಿ ಖಾಲಿ.

ಹೆಂಡತಿಯ ಬಲವಂತಕ್ಕೆ ವೈದ್ಯೆಯ ಬಳಿಗೆ ಹೋದೆ.

"ಒಂದರ ಮೇಲೊಂದು ಏಟು ಬಿದ್ದಿದೆ. ತಡ್ಕೊಳ್ಳೋಕಾಗದೆ ಮನಸ್ಸು ಸ್ವಲ್ಪ ಹೊತ್ತು ಆಚೆ ಹೋಗಿ ನಿಲ್ಲುತ್ತೆ. ವಾಸಿಯಾಗುತ್ತೆ, ಹೆದರಬೇಡಿ. ಆದ್ರೆ ಅಲ್ಲೀವರೆಗೂ ಇನ್ನೊಬ್ರ ಜೀವ ನಿಮ್ಮ ಕೈಲಿರೋ ಕೆಲಸ ಬೇಡ. ಜೊತೆಗಾರರಿಗೆ ಹೇಳಿಬಿಡಿ."

ಹೇಳಲಿಲ್ಲ. ಅಕ್ಕನಿಲ್ಲದ ಮನೆಯಿಂದ ಭಾವ ಬೆಳಿಗ್ಗೆ ಹೊರಗೆ ಕಾಲಿಡುತ್ತಿದ್ದುದೇ ನನ್ನ ಜೊತೆ ಕೆಲಸವಿದೆಯೆಂದು.

ಆ ದಿನ ಸ್ವಿಚ್ಚಿನ ಮುಂದೆ ಭಾವ ಜೇಬುಗಳನ್ನೆಲ್ಲ ತಡಕಿದರು. "ನನ್ ಬೀಗ ಮನೇಲೇ ಉಳೀತು ಕಣೋ. ನಿಮ್ಮಕ್ಕ ಇದ್ದಿದ್ರೆ ಡಬ್ಬಿ ಜೊತೆ ಕೈಗಿಟ್ಟು ಕಳಿಸ್ತಿದ್ಲು."

"ಹೋಗಿ ತಗೊಂಡು ಬನ್ನಿ ಭಾವ."

"ಎರಡು ಬಸ್ಸು ಹತ್ತಿಳೀಬೇಕು. ನಿನ್ನ ಬೀಗ ಸಾಕು ಬಿಡೋ. ನೀನು ಬೇರೆ, ನಾನು ಬೇರೆನಾ?"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ನನ್ನ ಬೀಗವೊಂದನ್ನೇ ಜಡಿದೆ.

ಭಾವ ಕೆಳಗಿಳಿದು, ಯಾರೂ ಇಣುಕದಂತೆ ಬಾಗಿಲು ಎಳೆದುಕೊಂಡು, ಮಾತು ಶುರು ಮಾಡಿದರು: "ಆವತ್ತು ವಕೀಲರೊಬ್ರು ಲಿಫ್ಟಲ್ಲಿ ಸಿಕ್ಕಾಕೊಂಡಿದ್ರಲ್ಲ, ನೆನಪಿದೆಯಾ? ಬಾಗಿಲಿಗೇ ನೋಟಿಸ್ ಕಳಿಸ್ತೀನಿ ಅಂತ ಕೂಗಾಡ್ತಿದ್ರು…" ನಾನು ನಕ್ಕೆ. ನಕ್ಕದ್ದು ನೆನಪಿದೆ.

ಮತ್ತೆ ಎಚ್ಚರವಾದಾಗ ಮೋಟಾರ್ ಗುಂಯ್ಗುಡುತ್ತಿತ್ತು. ಸ್ವಿಚ್ ಹಾಕಿತ್ತು. ಬೀಗ ನನ್ನ ಅಂಗೈಯಲ್ಲಿ ಬಾಯ್ದೆರೆದುಕೊಂಡಿತ್ತು. ರಂಧ್ರಗಳಿಂದ ಮಾತು ಬರುತ್ತಿರಲಿಲ್ಲ.

ಸ್ವಿಚ್ ಆರಿಸಿ, ಏಳು ಮಹಡಿಯ ಮೆಟ್ಟಿಲನ್ನು ಹೇಗೆ ಇಳಿದೆನೋ. ಯಾರೋ ಬಟನ್ ಒತ್ತಿದ್ದರಿಂದ ಲಿಫ್ಟ್ ನೆಲಮಹಡಿಗೆ ಬಂದು ನಿಂತಿತ್ತು. ಅದರಡಿ ಮೊಣಕಾಲೆತ್ತರದ ಜಾಗ ಉಳಿಯುತ್ತದೆ, ಅಷ್ಟೆ. ಆ ಸಂದಿನಲ್ಲಿ ಭಾವ ಬೋರಲು ಬಿದ್ದಿದ್ದರು. ಬೆನ್ನ ಮೇಲಿನ ಅಂಗಿ ಹರಿದಿತ್ತು. ಗುಂಡಿಯ ಪಕ್ಕದ ಕಿರುಬಾಗಿಲಿನಿಂದ ಎಳೆದು ಹೊರಗೆ ಕೂರಿಸಿದೆ.

"ಈ ಕಟ್ಟಡದ ವಾಚ್‌ಮನ್ನೇ ಬೀಗ ಮುರಿದು ಸ್ವಿಚ್ ಹಾಕಿರೋದು," ಏದುಸಿರಿನಲ್ಲಿ ಅಂದರು. "ಅವನನ್ನ ಇವತ್ತೇ ಮನೆಗೆ ಕಳಿಸ್ತೀನಿ ನೋಡ್ತಿರು."

"ನಾನೇ ಭಾವ."

"ಏನು ನಾನೇ?"

"ಬೀಗ ತೆಗ್ದಿದ್ದು. ಯಾವಾಗ ತೆಗ್ದೆ ಅಂತ ಗೊತ್ತಿಲ್ಲ."

ವೈದ್ಯೆಯ ಮಾತಿನವರೆಗೆ ಎಲ್ಲವನ್ನೂ ಹೇಳಿದೆ.

"ಎಷ್ಟು ದಿನದಿಂದ?"

"ಮೂರು ತಿಂಗಳಿಂದ."

"ಮೂರು ತಿಂಗಳು ನಾನು ಗೋಡೆಗೆ ಕಥೆ ಹೇಳ್ತಿದ್ನೇನೋ?" ಭಾವ ಕೈ ಚಾಚಿ ನನ್ನ ಕೊರಳಿನ ಕೀಲಿದಾರವನ್ನು ಬಿಚ್ಚಿಕೊಂಡರು. ಬೈದಿದ್ದರೆ ಹಗುರವಾಗುತ್ತಿತ್ತು.

ಈಗ ಮೋಟಾರ್ ಕೋಣೆಗೆ ಬೇರೊಬ್ಬ ಮೆಕ್ಯಾನಿಕ್ ಬರುತ್ತಾನೆ. ಸ್ವಿಚ್ಚಿಗೆ ಅವನದೊಂದು, ಭಾವನದೊಂದು ಬೀಗ. ವಾರಕ್ಕೊಮ್ಮೆ ವೈದ್ಯೆಯನ್ನು ಕಾಣುತ್ತೇನೆ. ಉಳಿದ ದಿನ ನೆಲಮಹಡಿಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಸಾಮಾನು ಎತ್ತಿಕೊಡುತ್ತೇನೆ. ಭಾವ ಕಥೆ ಹೇಳುವುದನ್ನು ಬಿಟ್ಟಿದ್ದಾರೆ. ಐದು ನಿಮಿಷಕ್ಕೊಮ್ಮೆ ಗುಂಡಿಯಿಂದ ಕೂಗುತ್ತಾರೆ:

"ಇದ್ದೀಯೇನೋ?"

"ಇದ್ದೀನಿ ಭಾವ."

ನಿನ್ನೆ ಮಧ್ಯಾಹ್ನ ಅವರು ಎಂದಿನಂತೆ ಕೂಗಿದರು. "ಇದ್ದೀನಿ ಭಾವ" ಎಂಬ ಉತ್ತರ ನನ್ನದೇ ದನಿಯಲ್ಲಿ, ತಡವಿಲ್ಲದೆ ಹೋಯಿತು. ಗಾಜಿನಾಚೆಯಿಂದ ನಾನೂ ಅದನ್ನು ಕೇಳಿಸಿಕೊಂಡೆ. "ಸರಿ ಹಾಗಾದ್ರೆ," ಎಂದು ಭಾವ ನೆಮ್ಮದಿಯಿಂದ ಕೆಲಸಕ್ಕೆ ಬಾಗಿದರು.